ಐವರ ಆಟ, ನೂರೈವರ ಖರ್ಚು

ಮಗಳು ಕನೆಕ್ಟಿಕಟ್ ವಿಶ್ವವಿದ್ಯಾಲಯಕ್ಕೆ ಸೇರಿದ ವರ್ಷ ಹುಟ್ಟಿಕೊಂಡ ವಾದವೊಂದು ನಮ್ಮ ಮನೆಯಲ್ಲಿ ಇನ್ನೂ ಮುಗಿದಿಲ್ಲ. ಕ್ರೀಡೆಗೆಂದು ಇಟ್ಟ ಹಣವನ್ನೂ, ಒಳ್ಳೆಯ ಆಟಗಾರರನ್ನು ಹುಡುಕಿ ಕರೆತರುವ ಶ್ರಮವನ್ನೂ ಆ ವಿಶ್ವವಿದ್ಯಾಲಯ ಮೊದಲು ಬ್ಯಾಸ್ಕೆಟ್‌ಬಾಲ್‌ಗೆ ಕೊಡಬೇಕೋ ಫುಟ್‌ಬಾಲ್‌ಗೋ? (ಇಲ್ಲಿ ಫುಟ್‌ಬಾಲ್ ಎಂದರೆ ಕಾಲಿಗಿಂತ ಕೈಗೇ ಹೆಚ್ಚು ಕೆಲಸವಿರುವ ಅಮೆರಿಕದ ಆಟ.) ಓಹಿಯೋದಲ್ಲಿರುವ ನಮ್ಮ ಭಾವನವರು ಫುಟ್‌ಬಾಲ್ ಪಕ್ಷ, ನಾನು ಬ್ಯಾಸ್ಕೆಟ್‌ಬಾಲ್ ಪಕ್ಷ.

ಆ ವಿಶ್ವವಿದ್ಯಾಲಯವಿರುವ ಸ್ಟೋರ್ಸ್ ಎಂಬುದು ದೊಡ್ಡ ಊರೇನಲ್ಲ. ಕೃಷಿ ಶಾಲೆಯಾಗಿ ಆರಂಭವಾದ ಕ್ಯಾಂಪಸ್ಸಿನಲ್ಲಿ ಇಂದಿಗೂ ಹಸುಗಳಿವೆ, ಅಲ್ಲಿನ ಡೇರಿಯ ಐಸ್‌ಕ್ರೀಮಿಗೆ ಜನ ಸಾಲು ನಿಲ್ಲುತ್ತಾರೆ. ಅಂಥ ಊರು ಪುರುಷರ ಬ್ಯಾಸ್ಕೆಟ್‌ಬಾಲ್‌ನಲ್ಲಿ 1999, 2004, 2011, 2014, 2023 ಮತ್ತು 2024ರಲ್ಲಿ ರಾಷ್ಟ್ರೀಯ ಪ್ರಶಸ್ತಿ ಗೆದ್ದಿದೆ. ಮಹಿಳೆಯರ ತಂಡವಂತೂ 1995ರಿಂದ 2025ರವರೆಗೆ 12 ಬಾರಿ ಗೆದ್ದಿದೆ.

ಫುಟ್‌ಬಾಲ್‌ನ ಕಥೆಯೇ ಬೇರೆ. ಈ ಶತಮಾನದ ಆರಂಭದಲ್ಲಿ ವಿಶ್ವವಿದ್ಯಾಲಯ ಮೇಲಿನ ದರ್ಜೆಯ ಫುಟ್‌ಬಾಲ್‌ಗೆ ಏರಿತು. 2003ರಲ್ಲಿ ಈಸ್ಟ್ ಹಾರ್ಟ್‌ಫರ್ಡ್‌ನಲ್ಲಿ ಸುಮಾರು 40,000 ಆಸನಗಳ ಕ್ರೀಡಾಂಗಣ ಸಿದ್ಧವಾಯಿತು. ಅದು ಕ್ಯಾಂಪಸ್ಸಿನಿಂದ ಅರ್ಧ ಗಂಟೆಯ ದಾರಿ. ನವೆಂಬರಿನ ಒಂದು ಶನಿವಾರ ಅಲ್ಲಿ ಕೂತಿದ್ದಾಗ ಕಂಡದ್ದು ನೆನಪಿದೆ: ಅರ್ಧ ಆಟ ಮುಗಿಯುತ್ತಲೇ ವಿದ್ಯಾರ್ಥಿಗಳು ಟೋಪಿಯನ್ನು ಕಿವಿಯವರೆಗೆ ಎಳೆದುಕೊಂಡು ಬಸ್ಸುಗಳತ್ತ ನಡೆದರು, ನಮ್ಮ ಸಾಲಿನಲ್ಲಿ ನಾವಿಬ್ಬರೇ ಉಳಿದೆವು.

ಭಾವನವರ ವಾದ ಹಣದ್ದು, ಅದನ್ನು ತಳ್ಳಿಹಾಕುವಂತಿಲ್ಲ. 1984ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಫುಟ್‌ಬಾಲ್‌ನ ಟಿವಿ ಹಕ್ಕುಗಳು ವಿಶ್ವವಿದ್ಯಾಲಯಗಳ ಮತ್ತು ಅವುಗಳ ಕೂಟಗಳಾದ ಕಾನ್ಫರೆನ್ಸ್‌ಗಳ ಕೈಗೆ ಬಂದವು. ಬ್ಯಾಸ್ಕೆಟ್‌ಬಾಲ್‌ನ 68 ತಂಡಗಳ ದೊಡ್ಡ ಪಂದ್ಯಾವಳಿಯ ಹಣವಾದರೋ ಕಾಲೇಜು ಕ್ರೀಡೆಗಳ ರಾಷ್ಟ್ರೀಯ ಸಂಸ್ಥೆಯಾದ ಎನ್‌ಸಿಎಎ ಮೂಲಕ ಹರಿದು ಎಲ್ಲರಿಗೂ ಹಂಚಿಹೋಗುತ್ತದೆ. ಹೀಗಾಗಿ ಯಾರು ಯಾವ ಕೂಟಕ್ಕೆ ಸೇರಬೇಕೆಂಬುದನ್ನು ಫುಟ್‌ಬಾಲ್ ನಿರ್ಧರಿಸತೊಡಗಿತು. ಕನೆಕ್ಟಿಕಟ್ ಇದ್ದ ಬಿಗ್ ಈಸ್ಟ್ ಕೂಟ 2013ರಲ್ಲಿ ಒಡೆದಾಗ ಸಿರಾಕ್ಯೂಸ್, ಪಿಟ್ಸ್‌ಬರ್ಗ್‌ಗಳಿಗೆ ಶ್ರೀಮಂತರ ಮನೆಯ ಬಾಗಿಲು ತೆರೆಯಿತು, ಕನೆಕ್ಟಿಕಟ್ ಹೊರಗೇ ಉಳಿಯಿತು. ಬಲವಾದ ಫುಟ್‌ಬಾಲ್ ತಂಡ ಇದ್ದಿದ್ದರೆ ಹೀಗಾಗುತ್ತಿರಲಿಲ್ಲ ಎಂದು ಭಾವನವರು ಹೇಳಿದಾಗ ನನ್ನ ಬಳಿ ಪೂರ್ಣ ಉತ್ತರವಿರುವುದಿಲ್ಲ.

ಆದರೆ ಆ ಬಾಗಿಲಿನ ಮುಂದೆ ಎಷ್ಟು ವರ್ಷ ಕಾಯುವುದು? ಕೊನೆಗೆ ವಿಶ್ವವಿದ್ಯಾಲಯ ಆಗ ತಾನಿದ್ದ ಕೂಟಕ್ಕೆ 1.7 ಕೋಟಿ ಡಾಲರ್ ನಿರ್ಗಮನ ಶುಲ್ಕ ಕೊಟ್ಟು, 2020ರಲ್ಲಿ ಉಳಿದ ಆಟಗಳೊಂದಿಗೆ ಬಿಗ್ ಈಸ್ಟ್‌ಗೆ ಮರಳಿತು. ಅಲ್ಲಿ ಈ ದರ್ಜೆಯ ಫುಟ್‌ಬಾಲ್ ಇಲ್ಲವಾದ್ದರಿಂದ ಆ ತಂಡ ಯಾವ ಕೂಟಕ್ಕೂ ಸೇರದೆ ಸ್ವತಂತ್ರವಾಯಿತು. ಪುರುಷರ ತಂಡದ 2023, 2024ರ ಪ್ರಶಸ್ತಿಗಳು ಆ ನಿರ್ಧಾರದ ನಂತರ ಬಂದವು.

ಆಟಗಾರರನ್ನು ಕರೆತರುವ ವಿಷಯದಲ್ಲಿ ನನ್ನ ವಾದ ಇನ್ನೂ ಗಟ್ಟಿ. ಈಗಿನ ನಿಯಮದಂತೆ ಫುಟ್‌ಬಾಲ್ ತಂಡದಲ್ಲಿ 105 ಜನ ಇರಬಹುದು, ಬ್ಯಾಸ್ಕೆಟ್‌ಬಾಲ್‌ನಲ್ಲಿ 15 ಜನ, ಅಂಗಳಕ್ಕಿಳಿಯುವವರು ಐವರೇ. (ಐವರಿಗೂ ನೂರೈವರಿಗೂ ಇರುವ ವ್ಯತ್ಯಾಸವನ್ನು ನಮ್ಮವರಿಗೆ ಬಿಡಿಸಿ ಹೇಳಬೇಕಿಲ್ಲ.) ಐವರ ಆಟದಲ್ಲಿ ಇಬ್ಬರು ಸರಿಯಾದ ಹುಡುಗರು ಸಿಕ್ಕರೆ ತಂಡದ ಹಣೆಬರಹವೇ ಬದಲಾಗುತ್ತದೆ, ಮತ್ತು ಅಂಥವರನ್ನು ತಯಾರು ಮಾಡುವ ಖಾಸಗಿ ಶಾಲೆಗಳು ನಮ್ಮ ಈಶಾನ್ಯ ಮೂಲೆಯ ನ್ಯೂ ಇಂಗ್ಲೆಂಡಿನಲ್ಲೇ ಬೇಕಾದಷ್ಟಿವೆ. ಫುಟ್‌ಬಾಲ್ ಪ್ರತಿಭೆಗೆ ಫ್ಲಾರಿಡಾ, ಟೆಕ್ಸಸ್‌ಗಳ ಕಡೆ ನೋಡಬೇಕು. ಅಲ್ಲಿನ ಹುಡುಗ ತನ್ನೂರಿನ ಲಕ್ಷ ಜನರ ಕ್ರೀಡಾಂಗಣವನ್ನು ಬಿಟ್ಟು ಇಲ್ಲಿನ ಚಳಿಗೆ ಏಕೆ ಬಂದಾನು? 2025ರ ಜುಲೈನಿಂದ ವಿಶ್ವವಿದ್ಯಾಲಯಗಳು ಆಟಗಾರರಿಗೆ ನೇರವಾಗಿ ಹಣ ಹಂಚಬಹುದಾಗಿದೆ, ಮೊದಲ ವರ್ಷದ ಮಿತಿ 2.05 ಕೋಟಿ ಡಾಲರ್ ಆಗಿತ್ತು. ಕೊರತೆಯನ್ನು ವಿದ್ಯಾರ್ಥಿಗಳ ಶುಲ್ಕದಿಂದಲೂ ತುಂಬಿಸಿಕೊಳ್ಳುತ್ತಿರುವ ಕ್ರೀಡಾ ವಿಭಾಗ ಆ ಮೊತ್ತವನ್ನು ನೂರೈವರಲ್ಲಿ ತೆಳುವಾಗಿ ಸವರುವುದು ನನಗೆ ಜಾಣತನವಾಗಿ ಕಾಣುವುದಿಲ್ಲ.

ಫುಟ್‌ಬಾಲನ್ನು ಮುಚ್ಚಿಬಿಡಿ ಎಂದು ನಾನು ಹೇಳುತ್ತಿಲ್ಲ. 2024ರಲ್ಲಿ ಆ ತಂಡ ಒಂಬತ್ತು ಪಂದ್ಯ ಗೆದ್ದಾಗ ನನಗೂ ಸಂತೋಷವಾಗಿತ್ತು. ಆದರೆ ಎಲೆಯಲ್ಲಿ ಮೊದಲು ಯಾವುದಕ್ಕೆ ಬಡಿಸಬೇಕೆಂದು ಕೇಳಿದರೆ ನನಗೆ ಅರಿಜೋನಾದ ಗ್ಲೆಂಡೇಲ್ ನೆನಪಾಗುತ್ತದೆ. 2011ರ ಜನವರಿ 1ರಂದು ಕನೆಕ್ಟಿಕಟ್ ಫುಟ್‌ಬಾಲ್ ತಂಡ ತನ್ನ ಚರಿತ್ರೆಯ ಅತಿ ದೊಡ್ಡ ಪಂದ್ಯವಾದ ಫಿಯೆಸ್ಟಾ ಬೌಲ್ ಆಡಿದ್ದು ಅಲ್ಲಿ. ಒಪ್ಪಂದದಂತೆ 17,500 ಟಿಕೆಟ್‌ಗಳನ್ನು ತಾನೇ ಕೊಂಡು, ಬಹುಪಾಲನ್ನು ಮಾರಲಾಗದೆ, ಒಕ್ಲಹೋಮಾ ಎದುರು 48-20ರಿಂದ ಸೋತು, ಹತ್ತು ಲಕ್ಷಕ್ಕೂ ಹೆಚ್ಚು ಡಾಲರ್ ಕೈಬಿಟ್ಟು ಅದು ಮನೆಗೆ ಮರಳಿತ್ತು. ಅದೇ ಕ್ರೀಡಾಂಗಣದ ನಡುವೆ 2024ರ ಏಪ್ರಿಲ್ 8ರಂದು ಮರದ ಅಂಗಳ ಹಾಸಿದ್ದರು. ಅಲ್ಲಿ ರಾಷ್ಟ್ರೀಯ ಪ್ರಶಸ್ತಿಯ ಫೈನಲ್‌ನಲ್ಲಿ ನಮ್ಮ ಐವರು ಪರ್ಡ್ಯೂ ತಂಡವನ್ನು 75-60ರಿಂದ ಸೋಲಿಸಿದರು. ಆ ರಾತ್ರಿ ಭಾವನವರು ಫೋನ್ ಮಾಡಿ ಅಭಿನಂದನೆ ಹೇಳಿದರು, ಫುಟ್‌ಬಾಲ್ ಮಾತೆತ್ತಲಿಲ್ಲ.