ಹೆಂಚಿನ ಕೆಂಪು ಕೊನೆಗೂ ಸಿಕ್ಕಿತು

ಹಾಳೆ ನಂಬರ್ 31 ಒಣಗಿದೆ. ಒಣಗಿದ ಮೇಲೂ ಸರಿಯಾಗಿಯೇ ಇದೆ. ಈ ಎರಡು ಸಾಲು ಬರೆಯಲು ಮೂರೂವರೆ ತಿಂಗಳು ಬೇಕಾಯಿತು.

ಮಂಗಳೂರಿನ ಹಳೇ ಪೇಟೆಯನ್ನು, ರಥಬೀದಿಯಿಂದ ಬಂದರಿನವರೆಗೆ, ಸಂಜೆ ಹೊತ್ತು ನಡೆಯುತ್ತಾ ಜಲವರ್ಣದಲ್ಲಿ ಬಿಡಿಸುವುದು ನನ್ನ ಪ್ರಾಜೆಕ್ಟು. ಒಟ್ಟು 40 ಹಾಳೆ. ಪೆನ್ಸಿಲ್ ಗೆರೆ, ಪರ್ಸ್‌ಪೆಕ್ಟಿವ್, ಯಾವ ಬ್ರಶ್ಶು, ಇದೆಲ್ಲ ನಿಮಗೆ ಗೊತ್ತಿರುವುದೇ. ನನ್ನನ್ನು ಸತಾಯಿಸಿದ್ದು ಒಂದೇ ಒಂದು: ಸಂಜೆ ಆರೂವರೆಯ ಹೆಂಚಿನ ಬಣ್ಣ.

ಟ್ಯೂಬಿನ ಕೆಂಪುಗಳನ್ನೆಲ್ಲ ಸುರಿದು ನೋಡಿದೆ. ಬರ್ಂಟ್ ಸಿಯೆನ್ನಾ ಹಾಕಿದೆ, ಬೆಲ್ಲದ ಪಾಕದ ಹಾಗೆ ಕಂಡಿತು. ಇಂಡಿಯನ್ ರೆಡ್ ಹಾಕಿದೆ, ಮಾಂಸದ ಅಂಗಡಿಯಾಯಿತು. ಲೈಟ್ ರೆಡ್ ಪರವಾಗಿಲ್ಲ ಎನ್ನುವಷ್ಟರಲ್ಲಿ ಒಣಗಿ ಹೂಕುಂಡವಾಯಿತು. ಆಗ ಹೊಳೆದ ಐಡಿಯಾ ಇದು. ಹೆಂಚು ಕೆಂಪಾಗುವುದು ಮಣ್ಣಿನಲ್ಲಿರುವ ಕಬ್ಬಿಣದಿಂದ. ಸುಟ್ಟಾಗ ಅದು ಕೆಂಪು ಐರನ್ ಆಕ್ಸೈಡ್ ಆಗುತ್ತದೆ. ಇಂಥ ಕೆಂಪು ಬಣ್ಣದ ಟ್ಯೂಬಿನ ಮೇಲೆ ಪಿಆರ್ 101 ಎಂಬ ಸಂಕೇತ ಬರೆದಿರುತ್ತದಲ್ಲ, ಅದೂ ಐರನ್ ಆಕ್ಸೈಡೇ. ಹಾಗಾದರೆ ಹೆಂಚನ್ನೇ ಅರೆದು ಬಣ್ಣ ಮಾಡಿದರೆ?

ಅಜ್ಜಿ ಮನೆಯ ಮಾಡು ಇಳಿಸಿದಾಗ ಎತ್ತಿಟ್ಟ ಒಂದು ಒಡಕು ಹೆಂಚು ನನ್ನ ಹತ್ತಿರ ಇತ್ತು. ಬಾಸೆಲ್ ಮಿಶನ್‌ನದ್ದು, ಮೇಲೆ 1865 ಎಂಬ ಅಚ್ಚು. ಅದು ಕಾರ್ಖಾನೆ ಶುರುವಾದ ವರ್ಷ, ಹೆಂಚು ಸುಟ್ಟ ವರ್ಷವಲ್ಲ. ಹಾಗಾಗಿ ಆ ಹೆಂಚುಗಳಿಗೆಲ್ಲ ಒಂದೇ ಹುಟ್ಟಿದ ವರ್ಷ, ನಮ್ಮ ಕಾಲದ ಜೂನ್ 1ರ ಮಕ್ಕಳ ಹಾಗೆ. ಅಚ್ಚು ಇದ್ದ ಭಾಗ ಉಳಿಸಿಕೊಂಡು ಮೂಲೆ ಮಾತ್ರ ಕುಟ್ಟಿದೆ.

ಅರೆಯಲು ಗಾಜಿನ ಮುಲ್ಲರ್, ಅಂದರೆ ಬಣ್ಣ ಅರೆಯುವ ಗುಂಡು, ಆನ್‌ಲೈನಿನಲ್ಲಿ ತರಿಸಿದೆ. ಮೊದಲನೆಯದು ಮೂರು ತುಂಡಾಗಿ ಬಂತು. ಬದಲಿಗೆ ಕಳಿಸಿದ್ದು ಪೇಪರ್‌ವೇಟ್. ಒಳಗೆ ಹೂವು ಬೇರೆ ಇತ್ತು. ಕೊನೆಗೆ ಅಮ್ಮನ ಅರೆಯುವ ಕಲ್ಲಿನ ಕಡೆ ನೋಡಿದೆ. ‘ಅದನ್ನು ಮುಟ್ಟಿದರೆ ನಾಳೆಯಿಂದ ಚಟ್ನಿ ನೀನೇ ಅರೆ’ ಎಂದರು. ಮಾರ್ಬಲ್ ಅಂಗಡಿಯ ಹಿಂದೆ ಬಿದ್ದಿದ್ದ ಗ್ರಾನೈಟ್ ತುಂಡೆರಡು ತಂದೆ. ಪುಡಿ ಹಾಳೆಗೆ ಹಿಡಿಯಲು ಬೇಕಾದ ಅಂಟಿನದ್ದೂ ಇದೇ ಕತೆ. ಗಮ್ ಅರೇಬಿಕ್ ಎಂದು ಬಂದ ಪೊಟ್ಟಣ ನೀರಿಗೆ ಹಾಕಿದರೆ ಗಂಜಿಯಾಯಿತು. ರಥಬೀದಿಯ ಒಂದು ಅಂಗಡಿಯಲ್ಲಿ ಅಂಟಿನುಂಡೆಗೆ ಹಾಕುವ ಅಂಟು ತಂದು, ನೆನೆಸಿ, ಸೋಸಿದೆ. ಚೆನ್ನಾಗಿ ಕರಗಿತು.

ಬಣ್ಣ ಒಣಗಿ ಬಿರಿಯದ ಹಾಗೆ ಅಂಟಿಗೆ ಜೇನು ಸೇರಿಸುತ್ತಾರೆ. ಮೊದಲ ಸಲ ಮಾಡಿದ ಬಣ್ಣದಲ್ಲಿ ಅದು ಜಾಸ್ತಿಯಾಯಿತು. ಕರಾವಳಿಯ ಗಾಳಿಯಲ್ಲಿ ಪ್ಯಾನಿಗೆ, ಅಂದರೆ ಪುಟ್ಟ ಡಬ್ಬಿಗೆ, ತುಂಬಿದ ಬಣ್ಣ ಗಟ್ಟಿಯಾಗಲೇ ಇಲ್ಲ. ಹತ್ತನೇ ದಿನ ಬೂಸ್ಟು ಬಂತು. ಎರಡನೇ ಸಲ ಜೇನು ಕಡಿಮೆ ಮಾಡಿ, ಎರಡು ಹನಿ ಲವಂಗದ ಎಣ್ಣೆ ಹಾಕಿದೆ. ಗಟ್ಟಿಯಾಯಿತು, ಅಡುಗೆಮನೆಯಲ್ಲಿ ಒಂದು ವಾರ ಹಲ್ಲಿನ ಡಾಕ್ಟರ ವಾಸನೆ.

ಈಗ ಹೊಟ್ಟೆ ಉರಿಸಿದ ಭಾಗ. ಹೆಂಚನ್ನೇ ಅರೆದ ಬಣ್ಣ ತೆಗೆದುಕೊಂಡು, ಬಂದರಿನ ಒಂದು ಹಳೇ ಗೋದಾಮಿನ ಎದುರು ಕುಳಿತು, ಅದರ ಹೆಂಚಿನ ಮಾಡು ಬಿಡಿಸಿದೆ. ಹೊಂದಲಿಲ್ಲ! ಅದೇ ಮಣ್ಣು, ಅದೇ ಕಬ್ಬಿಣ, ಆದರೂ ಹಾಳೆಯ ಮೇಲಿನ ಮಾಡು ಬೊಬ್ಬೆ ಹೊಡೆಯುತ್ತಿತ್ತು. ಪಕ್ಕದಲ್ಲಿ ಈರುಳ್ಳಿ ಮೂಟೆ ಇಳಿಸುತ್ತಿದ್ದ ಒಬ್ಬರು ತಲೆಯ ಬೈರಾಸು ಬಿಚ್ಚಿ ಮುಖ ಒರೆಸಿಕೊಂಡು, ಒಮ್ಮೆ ಹಾಳೆ ನೋಡಿದರು, ಒಮ್ಮೆ ಮಾಡು ನೋಡಿದರು. ‘ಈಗ ಅದು ಕೆಂಪು ಎಲ್ಲಿ ಉಂಟು ಮಾರಾಯ್ರೇ? ನೀವು ಮಧ್ಯಾಹ್ನದ್ದು ಬಿಡಿಸಿದ್ದು.’

ಅಷ್ಟೇ ವಿಷಯ. ಕತ್ತಲಾಗುತ್ತಾ ಬಂದ ಹಾಗೆ ನಮ್ಮ ಕಣ್ಣು ಕೆಂಪನ್ನು ಮೊದಲು ಬಿಟ್ಟುಕೊಡುತ್ತದೆ, ನೀಲಿಯನ್ನು ಕೊನೆಯವರೆಗೂ ಹಿಡಿದುಕೊಳ್ಳುತ್ತದೆ. 19ನೇ ಶತಮಾನದಲ್ಲಿ ಪುರ್ಕಿನ್ಯೆ ಎಂಬ ಚೆಕ್ ವಿಜ್ಞಾನಿ ಇದನ್ನು ಗುರುತಿಸಿದ್ದು. ನಾನು ಇದನ್ನು ಓದಿದ್ದೆ. ಓದಿಯೂ ಕೆಂಪು ಮೆತ್ತುತ್ತಿದ್ದೆ, ಯಾಕೆಂದರೆ ಹೆಂಚು ಕೆಂಪು ಎಂದು ತಲೆ ಹೇಳುತ್ತಿತ್ತು. ಕಣ್ಣಿಗೆ ಕಾಣುತ್ತಿದ್ದದ್ದು ಹೆಚ್ಚುಕಮ್ಮಿ ನೇರಳೆಹಣ್ಣಿನ ಕಲೆಯಂಥ ಕಪ್ಪು. ಮಾಡಿನ ತುದಿಯಲ್ಲಿ ಮಾತ್ರ ಸ್ವಲ್ಪ ಕೆಂಡದ ನೆನಪು.

ಸರಿ, ಕೆಂಪಿನ ಮೇಲೆ ನೀಲಿ ಗ್ಲೇಝ್, ಅಂದರೆ ತೆಳು ಪದರ, ಕೊಟ್ಟರಾಯಿತು ಅಂತೀರಾ? ಕೊಟ್ಟೆ. ಮನೆಯಲ್ಲಿ ಮಾಡಿದ ಬಣ್ಣ ಎದ್ದು ಬಂದು ಕೆಸರಾಯಿತು. ಅಂಟು ಜಾಸ್ತಿ ಮಾಡಿದೆ, ಹೊಳೆಯತೊಡಗಿತು, ಆಮೇಲೆ ಬಿರುಕು ಬಿಟ್ಟಿತು. 24ರಿಂದ 28ರವರೆಗಿನ ಹಾಳೆಗಳು ಹೀಗೇ ಹೋದವು. 29ರಲ್ಲಿ ಕಾಗದವೇ ಕೈಕೊಟ್ಟಿತು. 300 ಜಿಎಸ್‌ಎಂ, ನೂರಕ್ಕೆ ನೂರು ಹತ್ತಿ, ಬೆಲೆ ಹೇಳಿದರೆ ಮನೆಯಲ್ಲಿ ಜಗಳ. ತೇವ ಹಿಡಿದ ಗೋಡೌನಿನಲ್ಲಿ ಇಟ್ಟಿದ್ದರೋ ಏನೋ, ಕಾಗದ ನೀರು ಹೀರದ ಹಾಗೆ ತಡೆಯುವ ಸೈಜಿಂಗ್ ಹೋಗಿ ಆಕಾಶದ ತುಂಬ ಸಿಡುಬಿನ ಕಲೆ. ಮಾರಿದವರಿಗೆ ಫೋಟೋ ಕಳಿಸಿದೆ. ‘ತುಂಬಾ ಚೆನ್ನಾಗಿದೆ ಸರ್, ಮೋಡ ಸೂಪರ್’ ಎಂದು ಉತ್ತರ ಬಂತು.

ಕೊನೆಗೆ ಉಲ್ಟಾ ಮಾಡಿದೆ. ಮೊದಲು ನೀಲಿ. ಅಲ್ಟ್ರಾಮರೀನ್ ನೀಲಿ ಅಲ್ಲ, ಕಾಗದಕ್ಕೆ ಕಚ್ಚಿಕೊಳ್ಳುವ ಥೇಲೋ ನೀಲಿ. ಚೂರು ಅಂಬರ್ ಎಂಬ ಕಂದು ಸೇರಿಸಿ ಅದರ ಬಾಯಿ ಮುಚ್ಚಿಸಬೇಕು. ಪೂರ್ತಿ ಒಣಗಿದ ಮೇಲೆ ಹೆಂಚಿನ ಬಣ್ಣವನ್ನು ಹೆಚ್ಚು ನೀರಿಲ್ಲದ ಡ್ರೈ ಬ್ರಶ್‌ನಲ್ಲಿ, ಬೆಳಕು ತಾಗುವ ಸಾಲುಗಳಿಗೆ ಮಾತ್ರ. ಅರೆದ ಹೆಂಚನ್ನು ಮೂರು ತಿಂಗಳು ನೀರಿನಲ್ಲಿ ತೊಳೆದು ತೊಳೆದು ನುಣುಪು ಪುಡಿ ತೆಗೆದಿದ್ದೆ, ಇಲ್ಲಿ ಕೆಲಸಕ್ಕೆ ಬಂದದ್ದು ತಳದಲ್ಲಿ ಕೂತ ತರಿ.

‘ಪೂರ್ತಿ ಒಣಗಿದ ಮೇಲೆ’ ಎಂದೆ. ಸಮುದ್ರದ ಪಕ್ಕದಲ್ಲಿ ಅದೇನು ಸಣ್ಣ ಮಾತಲ್ಲ. ಸಂತ ಅಲೋಶಿಯಸ್ ಚಾಪೆಲಿನ ಗೋಡೆಗಳಲ್ಲಿ ಇಟಲಿಯ ಆಂಟೋನಿಯೋ ಮೊಸ್ಕೆನಿ ಚಿತ್ರ ಬರೆದದ್ದು 1899ರಿಂದ 1901ರ ನಡುವೆ. ಫ್ರೆಸ್ಕೊ ಎಂದರೆ ಗಾರೆ ಒಣಗುವುದರೊಳಗೆ ಮುಗಿಸುವ ಕೆಲಸ. ಅವರಿಗೆ ಒಣಗಿಬಿಡುತ್ತದೆ ಎಂಬ ಗಡಿಬಿಡಿ, ನನಗೆ ಒಣಗುವುದೇ ಇಲ್ಲ ಎಂಬ ಗೋಳು.

ಈ ಗೋಳಿನಿಂದಲೇ ನನ್ನ ವಾಕಿಂಗಿಗೆ ಒಂದು ಲೆಕ್ಕ ಬಂತು. ಈಗ ಫೆಬ್ರವರಿ, ಸೂರ್ಯ ಮುಳುಗುವುದು ಸುಮಾರು 6:35ಕ್ಕೆ. ಐದೂವರೆಗೆ ಗೋದಾಮಿನ ಎದುರು ಆಕಾಶ ಮತ್ತು ಮಾಡಿನ ನೀಲಿ ಹಾಕುತ್ತೇನೆ. ಬೋರ್ಡನ್ನು ಊಟದ ಬಟ್ಟಲಿನ ಹಾಗೆ ಎರಡೂ ಕೈಯಲ್ಲಿ ಹಿಡಿದು ರಥಬೀದಿಗೆ ಹೊರಡುತ್ತೇನೆ. ದಾರಿಯಲ್ಲಿ ಮೊದಲು ಒಣಮೆಣಸಿನ ಘಾಟು, ಆಮೇಲೆ ಕೊಬ್ಬರಿ, ಆಮೇಲೆ ಒಣಮೀನು. ವಾಸನೆ ಹಿಡಿದೇ ಎಲ್ಲಿದ್ದೇನೆ ಎಂದು ಹೇಳಬಹುದು. ರಥಬೀದಿಗೆ ಕಾಲಿಟ್ಟ ಕೂಡಲೇ ಮಲ್ಲಿಗೆ. ವೆಂಕಟರಮಣ ದೇವಸ್ಥಾನದ ಹತ್ತಿರ ಹೂವಿನವರು ಬಾಳೆನಾರಿನಲ್ಲಿ ಕಟ್ಟಿದ ಚೆಂಡುಗಳಿಗೆ ನೀರು ಚಿಮುಕಿಸುತ್ತಿರುತ್ತಾರೆ. ಅಲ್ಲಿ ಬೋರ್ಡು ದೂರ ಹಿಡಿಯಬೇಕು. ಹಾಳೆ 22ರ ಮೇಲಿರುವ ಮಳೆ ನಾನು ಬಿಡಿಸಿದ್ದಲ್ಲ.

ಒಂದು ಚಾ, ಎರಡು ಗೋಳಿಬಜೆ. ಎಣ್ಣೆಕೈ ಹಾಳೆಗೆ ತಾಗಬಾರದು ಎಂದು ಎಡಗೈಯಲ್ಲಿ ತಿನ್ನುವುದು ಕಲಿತೆ. ಅಮ್ಮನಿಗೆ ಹೇಳಬೇಡಿ. ವಾಪಸು ಗೋದಾಮಿಗೆ ಬರುವಷ್ಟರಲ್ಲಿ 6:20. ಗೋಡೆಗಳನ್ನು ಮುಗಿಸಿ ಮತ್ತೆ ಹೊರಡುವುದು, ಈ ಸಲ ದೋಣಿ ನಿಲ್ಲುವ ಧಕ್ಕೆಯ ಕಡೆ. ಹಳೇ ಬಂದರಿನಲ್ಲಿ ಲಕ್ಷದ್ವೀಪಕ್ಕೆ ಹೋಗುವ ಮಂಜಿಗಳಿಗೆ, ಅಂದರೆ ಸರಕಿನ ದೋಣಿಗಳಿಗೆ, ಸಾಮಾನು ತುಂಬುತ್ತಿರುತ್ತಾರೆ. ಆಚೆ ದಡದ ಬೆಂಗ್ರೆಗೆ ಹೋಗುವ ಫೆರಿ ಹಿಡಿಯಲು ಜನ ಓಡುತ್ತಿರುತ್ತಾರೆ. ನಾನು ಓಡುವ ಹಾಗಿಲ್ಲ, ಕೈಯಲ್ಲಿ ಹಸಿ ಹಾಳೆ. ಹಾಗಾಗಿ ನಿಂತು ನೋಡುತ್ತೇನೆ. ಆಚೆ ದಡದ ತೆಂಗಿನ ಸಾಲಿನ ಹಸಿರು ಹೋಗಿ ಬರೀ ಆಕಾರ ಉಳಿಯುತ್ತದೆ. ನೀರು ಮಾತ್ರ ಇನ್ನೂ ಬೆಳ್ಳಗಿರುತ್ತದೆ. ಮೊದಲಿನ ಇಪ್ಪತ್ತು ಹಾಳೆ ಬಿಡಿಸುವಾಗ ತಲೆ ತಗ್ಗಿಸಿ ಕೂತು ಇದನ್ನೆಲ್ಲ ನೋಡಿಯೇ ಇರಲಿಲ್ಲ.

6:45ಕ್ಕೆ ಮತ್ತೆ ಗೋದಾಮಿನ ಎದುರು ಕೊನೆಯ ಸುತ್ತು, ಹೆಂಚಿನ ಸಾಲು. ಬೀದಿದೀಪ ಹತ್ತುವುದರೊಳಗೆ ಮುಗಿಸಬೇಕು. ದೀಪ ಹತ್ತಿದ ಮೇಲೆ ಪ್ಯಾಲೆಟ್ಟಿನಲ್ಲಿ ಯಾವುದು ಯಾವುದೆಂದು ದೇವರಿಗೇ ಗೊತ್ತು. 31ನೆಯದಕ್ಕೆ ಹಿಡಿದದ್ದು ಎಂಟು ನಿಮಿಷ. ಮೂಟೆಯವರು ಅವತ್ತೂ ಇದ್ದರು. ಹಾಳೆ ತೋರಿಸಿದೆ. ‘ಈಗ ಹೊತ್ತು ಸರಿ ಆಯ್ತು’ ಎಂದು ಹೇಳಿ ಮೂಟೆಗೆ ಬೆನ್ನು ಕೊಟ್ಟರು.

ಮುಂದಿನದ್ದು ಬಿಳಿ. ಜಪಾನಿನವರು ಚಿಪ್ಪು ಅರೆದು ಗೊಫುನ್ ಎಂಬ ಬಿಳಿ ಬಣ್ಣ ಮಾಡುತ್ತಾರೆ. ನಮ್ಮಲ್ಲಿ ಚಿಪ್ಪಿನಿಂದ ಸುಣ್ಣವನ್ನೇ ಸುಡುತ್ತಿದ್ದರಲ್ಲ, ನಮಗೇನು ಕಮ್ಮಿ? ಮಂಜಿಯ ಹಾಯಿಗೆ ಅಂಥ ಬಿಳಿಯೇ ಬೇಕು. ಹಾಯಿ ಇರುವ ಮಂಜಿ ಈಗ ಎಲ್ಲಿದೆ ಎಂದು ಕೇಳಬೇಡಿ, ಅದು ಆಮೇಲಿನ ತಲೆಬಿಸಿ. ಭಾನುವಾರ ಮರುವಾಯಿ (ಚಿಪ್ಪಿನ ಮೀನು) ಸುಕ್ಕ ಮಾಡಿಸಿ, ಚಿಪ್ಪನ್ನೆಲ್ಲ ಬಕೆಟಿನಲ್ಲಿ ನೆನೆಹಾಕಿದ್ದೇನೆ. ಇವತ್ತು ಬುಧವಾರ. ಪಕ್ಕದ ಮನೆಯವರು ಎರಡು ಸಲ ಬಂದು, ಡ್ರೈನೇಜ್ ಎಲ್ಲಾದರೂ ಕಟ್ಟಿದೆಯಾ ಎಂದು ವಿಚಾರಿಸಿ ಹೋದರು.