ರಾಮದೇವರ ಬೆಟ್ಟದಲ್ಲಿ ಉದ್ದಕೊಕ್ಕಿನ ರಣಹದ್ದು: ಹೋಗುವವರಿಗೆ ಒಂದಿಷ್ಟು ಮಾತು

ಮೂರನೆಯ ಸಲ ಹೋದಾಗ ಕಂಡಿತು. ಜನವರಿಯ ಬೆಳಗು, ಒಂಬತ್ತೂವರೆ ದಾಟಿತ್ತು. ಎದುರಿನ ಬಂಡೆಯ ಅರ್ಧ ಎತ್ತರದಲ್ಲಿ, ಸುಣ್ಣ ಸುರಿದಂತೆ ಬೆಳ್ಳಗಾಗಿದ್ದ ಒಂದು ಚಾಚಿನ ಮೇಲೆ, ಕಲ್ಲಿನದೇ ಬಣ್ಣದ ಏನೋ ಒಂದು ಕತ್ತು ತಿರುಗಿಸಿತು. ಅದೇ ಚಾಚಿನ ಮೇಲೆ ನಾನು ಆಗಲೇ ನಾಲ್ಕಾರು ಸಲ ದುರ್ಬೀನು ಆಡಿಸಿದ್ದೆ, ಬಂಡೆಯ ಗುಬುಟು ಎಂದುಕೊಂಡು ಮುಂದೆ ಹೋಗಿದ್ದೆ. ಕತ್ತು ತಿರುಗಿದ ಮೇಲೆ ಎಲ್ಲವೂ ಕಂಡಿತು. ಕಪ್ಪು ಬೋಳು ತಲೆ, ಕತ್ತಿನ ಬುಡದಲ್ಲಿ ಕೆದರಿದ ಬಿಳಿಯ ತುಪ್ಪಳ, ಒಣಹುಲ್ಲಿನ ಬಣ್ಣದ ಬೆನ್ನು, ಹೆಸರಿಗೆ ತಕ್ಕಂತೆ ನೀಳವಾದ ಕೊಕ್ಕು. ಕೈ ನಡುಗಿ ದುರ್ಬೀನು ನಿಲ್ಲಲಿಲ್ಲ. ಮೊಣಕೈಗಳನ್ನು ಮಂಡಿಗೆ ಊರಿ ಕುಳಿತು ನೋಡಿದೆ.

ಮೊದಲ ಎರಡು ಸಲ ಬರಿಗೈಯಲ್ಲಿ ಬಂದದ್ದಕ್ಕೆ ಹಕ್ಕಿ ಕಾರಣವಲ್ಲ, ನನ್ನ ಲೆಕ್ಕಾಚಾರ ಕಾರಣ. ಹಕ್ಕಿ ನೋಡುವವರೆಲ್ಲ ಮಾಡುವಂತೆ ನಸುಕಿನಲ್ಲೇ ಹೋಗಿ, ಎಂಟೂವರೆಗೇ ಹೊರಟುಬಿಟ್ಟಿದ್ದೆ. ಪಿಕಳಾರಕ್ಕೆ ಆ ಹೊತ್ತು ಸರಿ. ರಣಹದ್ದಿನ ದಿನ ಬೇರೆ ರೀತಿ ಶುರುವಾಗುತ್ತದೆ. ಐದಾರು ಕಿಲೋ ತೂಗುವ ಮೈ, ಎರಡು ಮೀಟರಿಗೂ ಹೆಚ್ಚು ಅಗಲದ ರೆಕ್ಕೆ. ಅದನ್ನು ಬಡಿಯುತ್ತಾ ಹಾರುವುದು ಆ ಹಕ್ಕಿಗೆ ಬಲು ದುಬಾರಿ. ಆದ್ದರಿಂದ ಬಿಸಿಲು ಏರಿ, ಬಂಡೆ ಕಾದು, ಬಿಸಿಗಾಳಿ ಮೇಲೇಳುವವರೆಗೆ ಅದು ಕುಳಿತೇ ಇರುತ್ತದೆ. ಗಾಳಿ ಎದ್ದ ಮೇಲೆ ರೆಕ್ಕೆ ಬಿಚ್ಚಿ ಅದರಲ್ಲಿ ತೇಲಿಕೊಳ್ಳುತ್ತದೆ. ಹಾಗಾಗಿ ಎಂಟಕ್ಕೆ ಜಾಗ ಹಿಡಿದು ಹನ್ನೊಂದರವರೆಗೆ ಕದಲದೆ ಕೂರುವಂತೆ ಯೋಜನೆ ಹಾಕಿಕೊಳ್ಳಿ. ಮೊದಲ ಒಂದು ಗಂಟೆ ಬಂಡೆಯನ್ನು ಹುಡುಕಿ, ಆಮೇಲೆ ಆಕಾಶವನ್ನು.

ಬಂಡೆಯಲ್ಲಿ ಹುಡುಕಬೇಕಾದದ್ದು ಹಕ್ಕಿಯನ್ನಲ್ಲ, ಆ ಬಿಳಿಯ ಗೆರೆಗಳನ್ನು. ವರ್ಷಗಟ್ಟಲೆ ಕುಳಿತ ಜಾಗದಲ್ಲಿ ಹಿಕ್ಕೆ ಇಳಿದು ಕಲ್ಲು ಬೆಳ್ಳಗಾಗಿರುತ್ತದೆ. ಅಂಥ ಚಾಚುಗಳನ್ನು ಗುರುತು ಮಾಡಿಕೊಂಡು ಹತ್ತು ನಿಮಿಷಕ್ಕೊಮ್ಮೆ ಮತ್ತೆ ನೋಡಿ. ಬೆಟ್ಟದ ತುದಿಗೆ ಹತ್ತುವ ಆಸೆ ಬೇಡ. ಬಂಡೆಯ ನೆತ್ತಿಯ ಮೇಲೆ ನಿಂತವರಿಗೆ ಆ ಬಂಡೆಯ ಮುಖ ಕಾಣುವುದಿಲ್ಲ. ದೂರದಿಂದ, ಎದುರಿನಿಂದ ನೋಡುವುದೇ ಸರಿ.

ದಾರಿಯ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಬೆಂಗಳೂರಿನಿಂದ ರಾಮನಗರ ಸುಮಾರು 50 ಕಿಲೋಮೀಟರ್. ಮೈಸೂರು ಕಡೆಗೆ ಹೋಗುವ ಅನೇಕ ರೈಲುಗಳು ಅಲ್ಲಿ ನಿಲ್ಲುತ್ತವೆ. ಊರಿನಿಂದ ಬೆಟ್ಟಕ್ಕೆ ಆಟೊ ಹಿಡಿದರೆ ಸಾಕು, ವಾಪಸು ಬರಲೂ ಅವರಿಗೇ ಹೇಳಿಟ್ಟುಕೊಳ್ಳಿ. ಕಾರಿನಲ್ಲಿ ಹೋಗುವವರು ಗಮನಿಸಬೇಕು: 2023ರಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ರಾಮನಗರ ಊರನ್ನು ಬಳಸಿಕೊಂಡು ಹೋಗುತ್ತದೆ, ಮೈಮರೆತರೆ ಚನ್ನಪಟ್ಟಣವೂ ಹಿಂದೆ ಬೀಳುತ್ತದೆ. ಹಳೆಯ ರಸ್ತೆಯೇ ಅನುಕೂಲ. ಎಕ್ಸ್‌ಪ್ರೆಸ್‌ವೇಯ ಮುಖ್ಯ ರಸ್ತೆಯಲ್ಲಿ ಬೈಕಿಗೆ ಅವಕಾಶವೂ ಇಲ್ಲ. ಹಳೆಯ ರಸ್ತೆಯಲ್ಲಿ ಹೋದರೆ ಬಿಡದಿಯಲ್ಲಿ ತಟ್ಟೆ ಇಡ್ಲಿಯೂ ಸಿಗುತ್ತದೆ. ರಣಹದ್ದು ತಡವಾಗಿ ಹಾರುವುದರಿಂದ ಅದಕ್ಕೂ ಸಮಯವಿರುತ್ತದೆ.

ರಾಮದೇವರ ಬೆಟ್ಟ ದೇಶದ ಮೊದಲ ರಣಹದ್ದು ವನ್ಯಧಾಮ, 2012ರಲ್ಲಿ ಘೋಷಣೆಯಾದದ್ದು. ವಿಸ್ತಾರ ಸುಮಾರು 346 ಹೆಕ್ಟೇರ್ ಅಷ್ಟೇ. ದೇವಸ್ಥಾನಕ್ಕೆ ಬರುವ ಭಕ್ತರೂ ನಡೆಯುವ ಜಾಗವಾದ್ದರಿಂದ ಪ್ರವೇಶದ ಸಮಯ, ಎಲ್ಲಿಯವರೆಗೆ ಬಿಡುತ್ತಾರೆ ಎಂಬುದನ್ನೆಲ್ಲ ಗೇಟಿನಲ್ಲಿ ಕೇಳಿಯೇ ಮುಂದೆ ಹೋಗಿ. ಕಾವಲು ಸಿಬ್ಬಂದಿಯೊಂದಿಗೆ ಎರಡು ಮಾತಾಡಿ. ಹಕ್ಕಿಯನ್ನು ದಿನವೂ ನೋಡುವ ಕಣ್ಣುಗಳು ಅವು. ಸುತ್ತಲಿನ ಕುರುಚಲು ಕಾಡಿನಲ್ಲಿ ಕರಡಿ, ಚಿರತೆ ಎರಡೂ ಇವೆ, ಕತ್ತಲಿರುವಾಗ ಹೋಗಬೇಡಿ, ದಾರಿ ಬಿಟ್ಟು ಇಳಿಯಬೇಡಿ. ಬಂಡೆಗಳಲ್ಲಿ ಹೆಜ್ಜೇನು ಕಟ್ಟಿರುತ್ತದೆ. ಸುಗಂಧದ್ರವ್ಯ ಹಾಕಿಕೊಂಡು ಬರಬೇಡಿ, ಹೊಗೆ ಎಬ್ಬಿಸಬೇಡಿ. ತಿಂಡಿಯ ಪೊಟ್ಟಣ ಕೋತಿಗಳ ಕಣ್ಣಿಗೆ ಬೀಳದಂತೆ ಚೀಲದೊಳಗಿರಲಿ. ಎಂಟು ಇಲ್ಲವೇ ಹತ್ತು ಪಟ್ಟು ದೊಡ್ಡದಾಗಿ ತೋರಿಸುವ 8×42 ಅಥವಾ 10×42 ದುರ್ಬೀನು ಸಾಕು. ಸ್ಪಾಟಿಂಗ್ ಸ್ಕೋಪ್ (ಕಾಲುಗಳ ಮೇಲೆ ನಿಲ್ಲಿಸಿ ನೋಡುವ ದೂರದರ್ಶಕ) ಇರುವ ಗೆಳೆಯರಿದ್ದರೆ ಜೊತೆಗೆ ಕರೆದುಕೊಂಡು ಹೋಗಿ.

ಇನ್ನು ಗುರುತಿಸುವ ಮಾತು. ಇಲ್ಲಿಗೆ ಬಂದ ಹೆಚ್ಚಿನವರಿಗೆ ಮೊದಲು ಕಾಣಬಹುದಾದದ್ದು ಈಜಿಪ್ಟಿನ ರಣಹದ್ದು. ನಾನೂ ಎರಡನೆಯ ಸಲ ಅದನ್ನೇ ಕಂಡು, ಬಂದ ಕೆಲಸವಾಯಿತೆಂದು ಮನೆಗೆ ಬಂದು, ಚಿತ್ರ ದೊಡ್ಡದು ಮಾಡಿ ನೋಡಿದಾಗ ಎದೆ ಕುಸಿದಿತ್ತು. ಅದು ಚಿಕ್ಕ ಹಕ್ಕಿ. ಬೆಳೆದದ್ದರ ಮೈ ಬಿಳಿ, ಮುಖ ಹಳದಿ, ಹಾರುವಾಗ ಬಾಲ ಬೆಣೆಯಂತೆ ಚೂಪು. ಉದ್ದಕೊಕ್ಕಿನದ್ದು ಬೇರೆಯೇ ಗಾತ್ರ. ಬಾಲ ಗಿಡ್ಡ, ರೆಕ್ಕೆ ಹಲಗೆಯಂತೆ ಅಗಲ, ತುದಿಯ ಗರಿಗಳು ಬೆರಳುಗಳಂತೆ ಬಿಡಿಬಿಡಿ. ಕೆಳಗಿನಿಂದ ನೋಡಿದಾಗ ಮೈ ತಿಳಿಕಂದು, ಹಾರುಗರಿ ಕಪ್ಪು. ಬಿಳಿಬೆನ್ನಿನ ರಣಹದ್ದಾದರೆ ಮೈ ಕಪ್ಪಾಗಿದ್ದು, ರೆಕ್ಕೆಯ ಕೆಳಮೈಯ ಮುಂಭಾಗದಲ್ಲಿ ಬಿಳಿ ಎದ್ದು ಕಾಣುತ್ತದೆ. ಅದು ಗೂಡು ಕಟ್ಟುವುದೂ ಮರದ ಮೇಲೆ. ದೂರದ ಹದ್ದುಗಳನ್ನು ಕಂಡು ಮೋಸ ಹೋಗುವುದೂ ಉಂಟು. ಹದ್ದು ಬಾಲವನ್ನು ಅತ್ತಿತ್ತ ತಿರುಚುತ್ತಲೇ ಹಾರುತ್ತದೆ, ಬಾಲದ ತುದಿ ಕವಲೊಡೆದಿರುತ್ತದೆ. ರಣಹದ್ದಿನ ಹಾರಾಟದಲ್ಲಿ ಅಂಥ ಚಡಪಡಿಕೆ ಇಲ್ಲ. ನಾನು ನೋಡಿದ್ದು ಚಾಚಿನಿಂದ ಮುಂದಕ್ಕೆ ಬಾಗಿ, ಬಿದ್ದೇ ಹೋಯಿತೇನೋ ಎಂಬಂತೆ ಕೆಳಗಿಳಿದು, ನಂತರ ಒಂದು ಸಲವೂ ರೆಕ್ಕೆ ಬಡಿಯದೆ ಹನ್ನೊಂದು ನಿಮಿಷ ಸುತ್ತುತ್ತಾ ಏರಿತು. ಕೊನೆಗೆ ಬೆಳಕಿನಲ್ಲಿ ಒಂದು ಚುಕ್ಕಿ. ಅಷ್ಟರಲ್ಲಿ ಎಲ್ಲಿಂದಲೋ ಇನ್ನೊಂದು ಬಂದು ಅದರ ಕೆಳಗೆ ಸೇರಿಕೊಂಡಿತ್ತು.

ಎರಡು ಹಕ್ಕಿಗೆ ಇಷ್ಟೊಂದು ಸಂಭ್ರಮವೇ ಎಂದು ಕೇಳುವವರಿದ್ದಾರೆ. ಒಂದು ಕಾಲಕ್ಕೆ ಊರಾಚೆ ಸತ್ತ ದನ ಬಿದ್ದಲ್ಲೆಲ್ಲ ಇವು ಇಳಿಯುತ್ತಿದ್ದವು. 1990ರ ದಶಕದಲ್ಲಿ ನೋಡನೋಡುತ್ತಲೇ ಇಲ್ಲವಾದವು. ದನಕ್ಕೆ ನೋವು ಇಳಿಸಲು ಕೊಡುತ್ತಿದ್ದ ಡೈಕ್ಲೊಫೆನಾಕ್ ಔಷಧವೇ ಕಾರಣವೆಂದು 2004ರಲ್ಲಿ ಸಂಶೋಧಕರು ಪ್ರಕಟಿಸಿದರು. ಔಷಧ ಉಳಿದಿದ್ದ ಮಾಂಸ ತಿಂದ ಹಕ್ಕಿಯ ಮೂತ್ರಪಿಂಡ ಕೆಟ್ಟು ಅದು ಸಾಯುತ್ತಿತ್ತು. 2006ರಲ್ಲಿ ಭಾರತ ಅದನ್ನು ಪಶುಚಿಕಿತ್ಸೆಯಿಂದ ನಿಷೇಧಿಸಿತು. ಆ ಹೊತ್ತಿಗೆ ಉದ್ದಕೊಕ್ಕಿನವು ನೂರಕ್ಕೆ ತೊಂಬತ್ತೈದಕ್ಕೂ ಹೆಚ್ಚು ಅಳಿದಿದ್ದವು. ಜೋಡಿಯೊಂದು ವರ್ಷಕ್ಕೆ ಇಡುವುದು ಒಂದೇ ಮೊಟ್ಟೆ. ಕಳೆದುಕೊಂಡದ್ದು ಬೇಗ ತುಂಬುವ ಮಾತೇ ಅಲ್ಲ.

ಈ ಒಂದೇ ಮೊಟ್ಟೆಯ ಕಾರಣಕ್ಕೇ ಕಂಡದ್ದನ್ನು ಹಂಚಿಕೊಳ್ಳುವಾಗ ಎಚ್ಚರ ಬೇಕು. ಗೂಡಿನ ಕಾಲ ಸರಿಸುಮಾರು ನವೆಂಬರಿನಿಂದ ಮಾರ್ಚ್. ಆಗಲೇ ಹಕ್ಕಿ ಬಂಡೆಗೆ ಅಂಟಿಕೊಂಡಿರುತ್ತದೆ, ನಮಗೆ ನೋಡಲು ಸುಲಭ. ಅದಕ್ಕೆ ಕೆಡುಕಾಗುವುದೂ ಅಷ್ಟೇ ಸುಲಭ. ನಾವು ಹತ್ತಿರ ಹೋಗಿ ಅದು ಎದ್ದುಹೋದರೆ ಮೊಟ್ಟೆಯೋ ಮರಿಯೋ ಬಿಸಿಲಿಗೆ ಒಡ್ಡಿಕೊಳ್ಳುತ್ತದೆ. ಒಳ್ಳೆಯ ಚಿತ್ರಕ್ಕಾಗಿ ಚಪ್ಪಾಳೆ ತಟ್ಟಿ ಹಕ್ಕಿ ಎಬ್ಬಿಸಿದವರನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅವರ ಬಳಿ ಹೋಗಿ ಹೇಳಿದೆ, ನಿಲ್ಲಿಸಿದರು. ನೀವೂ ಹೇಳಿ, ಸಂಕೋಚ ಬೇಡ.

ಹಕ್ಕಿ ನೋಡುವವರು ಕಂಡದ್ದನ್ನು ಬರೆದಿಡುವ ಜಾಲತಾಣ ಇಬರ್ಡ್‌ನಲ್ಲಿ (eBird) ದಾಖಲಿಸುವಾಗ ದಿನ, ಶುರು ಮಾಡಿದ ಮತ್ತು ಮುಗಿಸಿದ ಹೊತ್ತು, ಒಟ್ಟಿಗೆ ಒಂದೇ ನೋಟದಲ್ಲಿ ಕಂಡ ಹೆಚ್ಚಿನ ಸಂಖ್ಯೆ, ಬೆಳೆದದ್ದೋ ಎಳೆಯದೋ ಎಂಬುದು ಇರಲಿ. ಅರ್ಧ ಗಂಟೆಯ ಅಂತರದಲ್ಲಿ ಮೂರು ಸಲ ಕಂಡದ್ದನ್ನು ಮೂರು ಎಂದು ಬರೆಯಬೇಡಿ, ಅದೇ ಹಕ್ಕಿ ತಿರುಗಿ ಬಂದಿರಬಹುದು. ಏನೂ ಕಾಣದ ದಿನ, ಕಂಡ ಉಳಿದೆಲ್ಲ ಹಕ್ಕಿಗಳ ಪೂರ್ಣ ಪಟ್ಟಿ ಕೊಡಿ. ರಣಹದ್ದು ಇಲ್ಲದ ಪಟ್ಟಿಗೂ ಬೆಲೆಯಿದೆ. ನನ್ನ ಮೊದಲ ಬೆಳಗಿನ ಪಟ್ಟಿಯಲ್ಲಿ ಹಳದಿಕೊರಳಿನ ಪಿಕಳಾರವಿತ್ತು, ಅದನ್ನು ನೋಡಲೆಂದೇ ಇಲ್ಲಿಗೆ ಬರುವವರಿದ್ದಾರೆ. ಆದರೆ ಯಾವ ಬಂಡೆ, ಎಷ್ಟನೆಯ ಚಾಚು ಎಂದು ಬರೆಯಬೇಡಿ. ಗೂಡಿನ ಚಿತ್ರ ಹಾಕಬೇಡಿ.

ಹನ್ನೊಂದೂಕಾಲಿಗೆ ಹೊರಟಾಗ ಗೇಟಿನಲ್ಲಿ ಸಿಬ್ಬಂದಿ ಎಷ್ಟು ಕಂಡಿರಿ ಎಂದು ಕೇಳಿದರು. ಎರಡು ಎಂದೆ. ನಿನ್ನೆ ಸಂಜೆ ತಾವೂ ಎರಡನ್ನೇ ಕಂಡದ್ದೆಂದು ಹೇಳಿ, ಇವತ್ತು ಎಲ್ಲಿ ಕೂತಿತ್ತೆಂದು ವಿಚಾರಿಸಿದರು. ಚೀಲ ಕೆಳಗಿಟ್ಟು, ತಿರುಗಿ ನಿಂತು, ಬೆರಳಿನಲ್ಲಿ ತೋರಿಸಿದೆ. ನನ್ನ ಪುಸ್ತಕದಲ್ಲಿ ಅದನ್ನು ಬರೆದುಕೊಂಡಿರಲಿಲ್ಲ.