ಹೊಸ್ತಿಲಾಚೆ ಉಳಿಯುವ ಸ್ವಿಚ್ಚು

ಪಾರ್ಶ್ವವಾಯು ಹೊಡೆದು ಚೇತರಿಸಿಕೊಂಡು ಓಡಾಡುತ್ತಿರುವವರ ಚಪ್ಪಲಿಯನ್ನು ಒಮ್ಮೆ ಮಗುಚಿ ನೋಡಿ. ಸರಿಯಿರುವ ಕಾಲಿನದ್ದು ಎಲ್ಲರದರಂತೆ ಹಿಮ್ಮಡಿಯ ಕಡೆ ಸವೆದಿರುತ್ತದೆ. ಸೋತ ಕಾಲಿನದ್ದು ಮುಂತುದಿಯಲ್ಲಿ, ಅದೂ ಹೊರ ಅಂಚಿನಲ್ಲಿ ತೇದುಹೋಗಿರುತ್ತದೆ. ಹಿಮ್ಮಡಿ ಮಾತ್ರ ಅಂಗಡಿಯಿಂದ ತಂದ ಹಾಗೇ ಇರುತ್ತದೆ. ಹೆಜ್ಜೆ ಎತ್ತುವಾಗ ಪಾದದ ಮುಂಭಾಗ ಮೇಲೇಳದೆ ನೆಲ ಕೆರೆಯುವುದಕ್ಕೆ ಫುಟ್ ಡ್ರಾಪ್ ಎನ್ನುತ್ತಾರೆ. ಸಮತಟ್ಟಾದ ಊರಿನಲ್ಲಿ ಸೊಂಟ ಎತ್ತಿ, ಕಾಲು ಬೀಸಿ ಹೇಗೋ ನಡೆದುಬಿಡಬಹುದು. ಕೊಡಗಿನಲ್ಲಿ ಮನೆಯಿಂದ ಬಸ್ಸಿನ ರಸ್ತೆಗೆ ಬರುವಷ್ಟರಲ್ಲೇ ಒಂದು ಏರು, ಒಂದು ಇಳಿಜಾರು, ಪಾಚಿ ಹಿಡಿದ ಮೆಟ್ಟಿಲು, ಅಡ್ಡ ಬಿದ್ದ ಬೇರು ಎಲ್ಲ ಸಿಗುತ್ತವೆ. ಬೆರಳ ತುದಿ ಎರಡು ಸೆಂಟಿಮೀಟರ್ ಕಡಿಮೆ ಎದ್ದರೂ ಸಾಕು, ಮುಗ್ಗರಿಸುವುದು ಖಂಡಿತ.

ಇದಕ್ಕೊಂದು ಯಂತ್ರವಿದೆ. ಫಿಸಿಯೋಗಳು ಎಫ್‌ಇಎಸ್ (ಫಂಕ್ಷನಲ್ ಎಲೆಕ್ಟ್ರಿಕಲ್ ಸ್ಟಿಮ್ಯುಲೇಶನ್, ಅಂದರೆ ಕರೆಂಟು ಕೊಟ್ಟು ಸ್ನಾಯುವಿನಿಂದ ಕೆಲಸ ಮಾಡಿಸುವುದು) ಎನ್ನುತ್ತಾರೆ. ಸಣ್ಣ ಪೆಟ್ಟಿಗೆ, ಎರಡು ಅಂಟು ಪ್ಯಾಡ್, ಹಿಮ್ಮಡಿಯ ಕೆಳಗೊಂದು ಸ್ವಿಚ್ಚು, ಇಷ್ಟೇ. ಹಿಮ್ಮಡಿ ನೆಲ ಬಿಟ್ಟ ಕೂಡಲೇ ಮೊಣಕಾಲಿನ ಹೊರಮಗ್ಗುಲಿನ ನರಕ್ಕೆ ಕರೆಂಟು ಹರಿದು ಪಾದ ಮೇಲೇಳುತ್ತದೆ, ಹಿಮ್ಮಡಿ ಊರಿದಾಗ ನಿಲ್ಲುತ್ತದೆ. 2024ರ ಜನವರಿಯಲ್ಲಿ ಎಲಾನ್ ಮಸ್ಕ್ ಅವರ ನ್ಯೂರಾಲಿಂಕ್ ಕಂಪನಿ ಮನುಷ್ಯನ ಮಿದುಳಿಗೆ ತನ್ನ ಮೊದಲ ಚಿಪ್ ಕೂರಿಸಿದ್ದು ದೊಡ್ಡ ಸುದ್ದಿಯಾಯಿತು. ಆದರೆ ನರವನ್ನು ಹೊರಗಿನಿಂದಲೇ ಮಾತಾಡಿಸುವ ಈ ಪೆಟ್ಟಿಗೆಯನ್ನು ಲಿಬರ್ಸನ್ ಎಂಬ ವೈದ್ಯ ಮತ್ತು ಸಂಗಡಿಗರು 1961ರಲ್ಲೇ ತೋರಿಸಿದ್ದರು. ಅಂದಿನ ಹಿಮ್ಮಡಿ ಸ್ವಿಚ್ಚೇ ಇಂದಿಗೂ ಬಹಳಷ್ಟು ಯಂತ್ರಗಳ ಜೀವಾಳ. ನಮ್ಮ ಕಡೆ ಕೈಕೊಡುವುದೂ ಅದೇ.

ಯಂತ್ರಕ್ಕೆ ದುಡ್ಡು ಸುರಿಯುವ ಮೊದಲು ಪಾದ ಯಾಕೆ ಬಿದ್ದಿದೆ ಅಂತ ಗೊತ್ತಿರಬೇಕು. ಮಿದುಳಿನಿಂದ ಬೆನ್ನುಹುರಿಗೆ ಇಳಿಯುವ ಲೈನ್ ಕೆಟ್ಟಿದ್ದರೆ, ಅಂದರೆ ಸ್ಟ್ರೋಕ್ ಆದವರಲ್ಲಿ, ಕಾಲಿನ ನರ ಜೀವಂತವಾಗಿಯೇ ಇರುತ್ತದೆ. ಆಜ್ಞೆ ಮಾತ್ರ ಬರುತ್ತಿರುವುದಿಲ್ಲ. ಯಂತ್ರ ಕೆಲಸ ಮಾಡುವುದು ಇಂಥವರಿಗೆ. ಕರಿಮೆಣಸು ಕುಯ್ಯುವಾಗ ಸಿಲ್ವರ್ ಓಕ್ ಮರಕ್ಕೆ ಒರಗಿಸಿದ ಏಣಿಯಿಂದ ಬಿದ್ದವರ ಕಥೆ ಬೇರೆ. ಬೆನ್ನುಮೂಳೆ ಸಾಮಾನ್ಯವಾಗಿ ಮುರಿಯುವುದು ಎದೆ ಭಾಗ ಮುಗಿದು ಸೊಂಟ ಶುರುವಾಗುವ ಜಾಗದಲ್ಲಿ, ಟಿ12–ಎಲ್1 ಹತ್ತಿರ. ಬೆನ್ನುಹುರಿ ಮುಗಿಯುವುದೂ ಅಲ್ಲೇ ಆಸುಪಾಸು. ಅಲ್ಲಿ ಜಜ್ಜಿಹೋಗುವುದು ಹುರಿಯ ತುದಿ ಮತ್ತು ಕಾಲಿಗೆ ಹೊರಟ ನರಗಳ ಬುಡ. ನರವೇ ಸತ್ತಿದ್ದರೆ 200 ಮೈಕ್ರೋಸೆಕೆಂಡಿನ ಮಿಡಿತಕ್ಕೆ ಸ್ನಾಯು ಅಲುಗುವುದಿಲ್ಲ, ಕರೆಂಟು ಎಷ್ಟು ಏರಿಸಿದರೂ ಚರ್ಮ ಉರಿಯುತ್ತದೆ ಅಷ್ಟೆ. ಮೂರನೆಯದೂ ಒಂದಿದೆ: ಗಂಟೆಗಟ್ಟಲೆ ಕುಕ್ಕರುಗಾಲಲ್ಲಿ ಕೂತು ಕಳೆ ಕೀಳುವವರಲ್ಲಿ ಅದೇ ನರ ಮೊಣಕಾಲಿನ ಬಳಿ ಒತ್ತಿಹೋಗಿ ಪಾದ ಬೀಳುತ್ತದೆ. ಹೆಚ್ಚಿನವರಿಗೆ ಆ ಭಂಗಿ ಬಿಟ್ಟರೆ ವಾರಗಳಲ್ಲೋ ತಿಂಗಳುಗಳಲ್ಲೋ ತಾನಾಗಿ ಸರಿಹೋಗುತ್ತದೆ, ಯಂತ್ರದ ಗೊಡವೆ ಬೇಡ. ಮೂವರ ನಡಿಗೆಯೂ ದೂರದಿಂದ ಒಂದೇ ಥರ ಕಾಣುವುದರಿಂದಲೇ ಎಡವಟ್ಟಾಗುವುದು.

ಪರೀಕ್ಷೆ ಸುಲಭ. ನೋವಿಗೆ ಬಳಸುವ ಸಾಮಾನ್ಯ ಟೆನ್ಸ್ ಯಂತ್ರ ಫಿಸಿಯೋ ಬಳಿ ಇದ್ದೇ ಇರುತ್ತದೆ. 35 ಹರ್ಟ್ಸ್ (ಸೆಕೆಂಡಿಗೆ 35 ಮಿಡಿತ), ಒಂದೊಂದು ಮಿಡಿತಕ್ಕೆ 200 ಮೈಕ್ರೋಸೆಕೆಂಡ್ ಇಟ್ಟು ಮೊಣಕಾಲಿನ ಹೊರಮಗ್ಗುಲಿನ ಆ ನರಕ್ಕೆ ಮೂರು ನಾಲ್ಕು ಸೆಕೆಂಡು ಕೊಟ್ಟರೆ ಪಾದ ಏಳುತ್ತದೋ ಇಲ್ಲವೋ ಗೊತ್ತಾಗಿಬಿಡುತ್ತದೆ. ಪೇಸ್‌ಮೇಕರ್ ಇರುವವರು, ಆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿದೆ ಎಂಬ ಅನುಮಾನ ಇರುವವರು, ಹಿಡಿತಕ್ಕೆ ಬಾರದ ಫಿಟ್ಸ್ ಇರುವವರು, ಗರ್ಭಿಣಿಯರು ಡಾಕ್ಟರನ್ನು ಕೇಳದೆ ಪರೀಕ್ಷೆಗೂ ಕೂರಬಾರದು. ಇನ್ನೊಂದು, ಮೊಣಕಾಲು ನೀಡಿಸಿ ಕೈಯಿಂದ ಪಾದವನ್ನು ಮೇಲಕ್ಕೆ ಒತ್ತಿದಾಗ ಅದು 90 ಡಿಗ್ರಿಗೆ ಬರಲೇಬೇಕು, ಇನ್ನೊಂದು 5 ಡಿಗ್ರಿ ಬಂದರೆ ಒಳ್ಳೆಯದು. ಬಾರದಿದ್ದರೆ ಮೀನಖಂಡ ಗಿಡ್ಡವಾಗಿದೆ ಎಂದರ್ಥ. ಮೊದಲು ಅದನ್ನು ಎಳೆದು ಸಡಿಲಿಸಬೇಕು. ಯಂತ್ರ ಬಂದಮೇಲೆ ನೋಡೋಣ ಅಂತ ಬಿಟ್ಟವರೇ ಹೆಚ್ಚು.

ಈಗ ಪ್ಯಾಡ್. ಮೊಣಕಾಲಿನ ಹೊರಮಗ್ಗುಲಲ್ಲಿ, ಕೀಲಿಗಿಂತ ತುಸು ಕೆಳಗೆ, ಗೋಲಿಯಂಥ ಎಲುಬಿನ ಗುಬ್ಬಿ ಕೈಗೆ ಸಿಗುತ್ತದೆ. ನರ ಅದರ ಹಿಂದಿನಿಂದ ಬಳಸಿ ಮುಂದಕ್ಕೆ ಬರುತ್ತದೆ. 5 ಸೆಂಟಿಮೀಟರ್ ಚೌಕದ ಕಪ್ಪು ವೈರಿನ ಪ್ಯಾಡನ್ನು ಆ ಗುಬ್ಬಿಯ ಕೆಳಗೆ, ಸ್ವಲ್ಪ ಹಿಂದಕ್ಕೆ ಹಚ್ಚಿ. ಬಹಳ ಯಂತ್ರಗಳಲ್ಲಿ ಕಪ್ಪೇ ಕೆಲಸ ಮಾಡುವ ತುದಿ, ಆದರೂ ನಿಮ್ಮ ಯಂತ್ರದ ಪುಸ್ತಕ ನೋಡಿಕೊಳ್ಳಿ. ಇನ್ನೊಂದನ್ನು ನಾಲ್ಕು ಬೆರಳು ಕೆಳಗೆ, ಮುಂದಿನ ಎಲುಬಿನ ಹೊರಪಕ್ಕದ ಮಾಂಸದ ಮೇಲೆ ಹಚ್ಚಿ. ಸೊನ್ನೆಯಿಂದ ಒಂದೊಂದೇ ಮಿಲಿಆಂಪ್ ಏರಿಸುತ್ತಾ ಹೋದರೆ ಹೆಚ್ಚಿನವರಿಗೆ 20ರಿಂದ 60ರೊಳಗೆ ಪಾದ ಏಳುತ್ತದೆ. ನೆಟ್ಟಗೆ ಎದ್ದು ತುಸು ಹೊರಕ್ಕೆ ವಾಲಿದರೆ ಸರಿ. ತೀರಾ ಹೊರಕ್ಕೆ ತಿರುಗಿದರೆ ಪ್ಯಾಡುಗಳನ್ನು ಮುಂದಿನ ಎಲುಬಿನ ಕಡೆ ಸರಿಸಿ. ಒಳಕ್ಕೆ ತಿರುಗಿದರೆ ಹಿಂದಕ್ಕೆ ಸರಿಸಿ. ಒಂದು ಸಲಕ್ಕೆ ಅರ್ಧ ಸೆಂಟಿಮೀಟರ್ ಸಾಕು. ಒಳಕ್ಕೆ ತಿರುಗಿದ ಪಾದವನ್ನು ಹಾಗೇ ಬಿಟ್ಟು ಇಳಿಜಾರಿಗೆ ಹೋದರೆ ಗಿಣ್ಣು ಉಳುಕುವುದು ನಿಶ್ಚಿತ. ಜಾಗ ಸಿಕ್ಕ ಮೇಲೆ ಮಾರ್ಕರ್ ಪೆನ್ನಿನಲ್ಲಿ ನಾಲ್ಕು ಮೂಲೆಗೂ ಚುಕ್ಕೆ ಇಡಿ, ಸ್ನಾನದ ನಂತರ ಮತ್ತೆ ತಿದ್ದಿ. ಮನೆಯವರು ದಿನಾ ಬೆಳಿಗ್ಗೆ ಹುಡುಕಾಡುವುದು ತಪ್ಪುತ್ತದೆ.

ಮೀನಖಂಡ ಬಿಗಿಯಿರುವವರಿಗೆ ಕರೆಂಟು ದಿಢೀರನೆ ಬಂದರೆ ಕಾಲು ಹೊಲಿಗೆ ಮೆಷಿನ್ನಿನ ಪೆಡಲಿನ ಹಾಗೆ ಕುಣಿಯತೊಡಗುತ್ತದೆ. ರ‍್ಯಾಂಪ್ ಎಂಬ ಗುಂಡಿಯನ್ನು 0.3–0.5 ಸೆಕೆಂಡಿಗೆ ಇಟ್ಟರೆ ಏರಿಕೆ ಮೆತ್ತಗಾಗುತ್ತದೆ. ಹರ್ಟ್ಸ್ ಜಾಸ್ತಿ ಇಟ್ಟರೆ ಪಾದ ಗಟ್ಟಿಯಾಗಿ ಏಳುತ್ತದೆ ನಿಜ, ಆದರೆ ಬೇಗ ಸೋಲುತ್ತದೆ. ಹೊರಗಿನ ಕರೆಂಟು ಮೊದಲು ಎಬ್ಬಿಸುವುದು ದಪ್ಪ ನರತಂತುಗಳನ್ನು, ಬೇಗ ದಣಿಯುವ ಸ್ನಾಯುಗಳು ಅವಕ್ಕೇ ಸೇರಿದವು. ಹಾಗಾಗಿ ಪಾದ ಏಳುವಷ್ಟಕ್ಕೆ ಸಾಲುವ ಅತಿ ಕಡಿಮೆ ಹರ್ಟ್ಸ್ ಇಡಿ, ಮೊದಲ ವಾರ ದಿನಕ್ಕೆ ಎರಡು ಸಲ 10–15 ನಿಮಿಷ ಸಾಕು.

ಅಂಟು ನಿಲ್ಲುತ್ತಿಲ್ಲ ಎಂಬ ದೂರಿಗೆ ನಮ್ಮ ಕಡೆ ಮೊದಲ ಕಾರಣ ತೈಲ. ಸೋತ ಕಾಲಿಗೆ ಬೆಳಿಗ್ಗೆ ತೈಲ ತಿಕ್ಕುವುದನ್ನು ಯಾರೂ ಬಿಡುವುದಿಲ್ಲ. ಬಿಡಬೇಕಾಗಿಯೂ ಇಲ್ಲ, ರಾತ್ರಿಗೆ ಹಾಕಿ. ಪ್ಯಾಡ್ ಹಚ್ಚುವ ಮೊದಲು ಸೋಪಿನಲ್ಲಿ ತೊಳೆದು ಒರೆಸಿ. ಕೂದಲನ್ನು ಕತ್ತರಿಯಲ್ಲಿ ಕತ್ತರಿಸಿ, ರೇಜರ್ ಬೇಡ, ಗೀರಿದ ಚರ್ಮದಲ್ಲಿ ಕರೆಂಟು ಒಂದೇ ಕಡೆ ನುಗ್ಗುತ್ತದೆ. ಪ್ಯಾಡಿನ ಅಂಚು ಒಣಗಿ ಎದ್ದರೂ ಇದೇ ಗತಿ: ಕಟ್ಟಿರುವೆ ಕಚ್ಚಿದ ಹಾಗೆ ಚುರುಚುರು ಎನ್ನುತ್ತದೆ. ಒಂದು ಜೊತೆ ಸುಮಾರು 15–20 ಸಲ ಬರುತ್ತದೆ, ಮಳೆಗಾಲದ ಬೆವರು-ತೇವಕ್ಕೆ ಇನ್ನೂ ಕಡಿಮೆ. ತೆಗೆದ ಮೇಲೆ ಚರ್ಮ ಗುಲಾಬಿ ಆಗುವುದು ಸಹಜ. ಒಂದು ಗಂಟೆಯಾದರೂ ಕೆಂಪು ಹೋಗದಿದ್ದರೆ ಆ ಜಾಗಕ್ಕೆ ಬಿಡುವು ಕೊಡಿ. ಜಿಗಣೆ ಕಚ್ಚಿದ ಗಾಯದ ಮೇಲಂತೂ ಪ್ಯಾಡ್ ಹಚ್ಚಲೇಬೇಡಿ. ಸ್ಪರ್ಶ ಕಡಿಮೆಯಾದ ಕಾಲಿಗೆ ಜಿಗಣೆ ಹತ್ತಿದ್ದು ತಿಳಿಯುವುದಿಲ್ಲ. ಸ್ಟ್ರೋಕ್ ಆದವರು ಆಸ್ಪಿರಿನ್ ಅಥವಾ ಕ್ಲೋಪಿಡೋಗ್ರೆಲ್ ನುಂಗುತ್ತಿದ್ದರೆ ರಕ್ತ ನಿಲ್ಲುವುದೂ ತಡ. ತೋಟದಿಂದ ಬಂದ ಕೂಡಲೇ ಕಾಲನ್ನು ಕಣ್ಣಿಂದ ನೋಡಿ ಪರೀಕ್ಷಿಸಬೇಕು.

ಸ್ವಿಚ್ಚಿಗೆ ಬರೋಣ. ಇಡೀ ಏರ್ಪಾಟು ಹಿಮ್ಮಡಿ ಮೊದಲು ಊರುತ್ತದೆ ಎಂಬ ನಂಬಿಕೆಯ ಮೇಲೆ ನಿಂತಿದೆ. ಕಡಿದಾದ ಏರಿನಲ್ಲಿ ಯಾರೂ ಹಿಮ್ಮಡಿ ಊರುವುದಿಲ್ಲ, ಮುಂಗಾಲಲ್ಲೇ ಹತ್ತುತ್ತಾರೆ. ಆಗ ಯಂತ್ರ ಕಾಲು ಗಾಳಿಯಲ್ಲೇ ಇದೆ ಎಂದುಕೊಂಡು ಕರೆಂಟು ಕೊಡುತ್ತಲೇ ಇರುತ್ತದೆ, ಎರಡು ಮೂರು ಸೆಕೆಂಡಿನ ಮಿತಿ ಮುಟ್ಟಿ ತಾನೇ ಆರಿದಾಗ ಮುಂದಿನ ಹೆಜ್ಜೆಗೆ ಪಾದ ಏಳುವುದಿಲ್ಲ. ಇದಕ್ಕೆ ಒಳ್ಳೆಯ ಉಪಾಯ, ಸ್ವಿಚ್ಚನ್ನು ಸರಿಯಿರುವ ಕಾಲಿಗೆ ಹಾಕುವುದು. ಆ ಹಿಮ್ಮಡಿ ಊರಿದಾಗ ಈ ಪಾದ ಏಳಲಿ ಎಂದು ಹೊಂದಿಸಲು ಕೆಲವು ಯಂತ್ರಗಳಲ್ಲಿ ಅವಕಾಶವಿದೆ, ಕೊಳ್ಳುವಾಗ ಕೇಳಿ. ಸ್ವಿಚ್ಚೇ ಇಲ್ಲದೆ ಕಾಲಿನ ವಾಲಿಕೆ ಅಳೆಯುವ ವಾಕ್‌ಏಡ್‌ನಂಥವೂ ಇವೆ. ಅವನ್ನು ಆಸ್ಪತ್ರೆಯ ಕಾರಿಡಾರಿನಲ್ಲಿ ಹೊಂದಿಸಿಕೊಟ್ಟರೆ ಸಾಲದು, ನೀವು ದಿನಾ ಹತ್ತಿಳಿಯುವಂಥ ಇಳಿಜಾರಿನಲ್ಲೇ ಹೊಂದಿಸಿಸಿ.

ಇನ್ನು ಮನೆ. ಯಂತ್ರ ಹುಟ್ಟಿದ ದೇಶಗಳಲ್ಲಿ ಶೂ ಹಾಕಿಕೊಂಡೇ ಅಡುಗೆಮನೆಯವರೆಗೆ ಓಡಾಡುತ್ತಾರೆ. ನಾವು ಚಪ್ಪಲಿಯನ್ನು ಜಗಲಿಯ ಕೆಳಗೇ ಬಿಡುವವರು. ಶೂ ಜೊತೆ ಸ್ವಿಚ್ಚೂ ಹೊರಗೇ ಉಳಿಯಿತು, ಒಳಗೆ ಬರಿಗಾಲು, ಮುಗ್ಗರಿಸಲೆಂದೇ ಇಟ್ಟಂಥ ಹೊಸ್ತಿಲು. ಮನೆಯೊಳಗಿಗೆಂದೇ ಹಿಂಬದಿ ಪಟ್ಟಿಯಿರುವ ಒಂದು ಸ್ಯಾಂಡಲ್ ಮೀಸಲಿಡಿ. ಅದು ಒಗ್ಗದಿದ್ದರೆ ಬಿಗಿ ಕಾಲ್ಚೀಲದೊಳಗೆ ಸ್ವಿಚ್ಚನ್ನು ಹಿಮ್ಮಡಿಗೆ ಬಟ್ಟೆ ಟೇಪಿನಿಂದ ಕಟ್ಟಿ, ಕಾಲ್ಚೀಲದ ಅಡಿ ಜಾರದ ರಬ್ಬರ್ ಚುಕ್ಕೆಯದ್ದಾಗಿರಲಿ.

ಗಂಬೂಟಿನ ತಕರಾರು ಬೇರೆ. ಒಳಗೆ ಜಾಗ ಜಾಸ್ತಿ, ಬೂಟು ನೆಲದಲ್ಲೇ ಇದ್ದರೂ ಹಿಮ್ಮಡಿ ಒಳಗೆ ಏಳುತ್ತದೆ, ನಿಂತಲ್ಲೇ ಪಾದ ಎಗರುತ್ತದೆ. ದಪ್ಪ ಇನ್‌ಸೋಲ್ ಹಾಕಿ ಅದರಡಿ ಸ್ವಿಚ್ಚು ಅಂಟಿಸಿ, ಎರಡು ಕಾಲ್ಚೀಲ ಹಾಕಿದರೆ ಬಹುಪಾಲು ನಿಲ್ಲುತ್ತದೆ. ಯಂತ್ರದ ಬದಲು ಪಾದ ಬೀಳದಂತೆ ತಡೆಯಲು ಕಾಲಿಗೆ ಕಟ್ಟುವ ಪ್ಲಾಸ್ಟಿಕ್ ಎಎಫ್‌ಒ ಆದರೆ ಗಂಬೂಟಿಗೆ ಇಳಿಯುವುದೇ ಕಷ್ಟ. ಬಗ್ಗದ ಎಎಫ್‌ಒ ಏರಿನಲ್ಲಿ ಮೊಣಕಾಲನ್ನು ಹಿಂದಕ್ಕೆ ತಳ್ಳುತ್ತದೆ, ಇಳಿಜಾರಿನಲ್ಲಿ ಮುಂದಕ್ಕೆ ಮಡಚುತ್ತದೆ. ಹಾಗಂತ ಎಸೆಯಬೇಡಿ. ಆಷಾಢದ ಮಳೆಗೆ ವಾರಗಟ್ಟಲೆ ಕರೆಂಟಿಲ್ಲದೆ ಚಾರ್ಜು ಮುಗಿದಾಗ ಮನೆಯೊಳಗೆ ಅದೇ ಗತಿ. ಚಾರ್ಜಿಗೆ ಹಾಕಿದ ಯಂತ್ರವನ್ನು ಮಾತ್ರ ಯಾವ ಕಾರಣಕ್ಕೂ ಕಾಲಿಗೆ ಕಟ್ಟಿಕೊಳ್ಳಬಾರದು, ಏಪ್ರಿಲ್-ಮೇ ತಿಂಗಳ ಗುಡುಗು ಮಿಂಚಿನಲ್ಲಂತೂ ಪ್ಲಗ್ಗಿನ ಹತ್ತಿರವೂ ಇಡಬೇಡಿ.

ವೈರು ಕಡಿಯುವುದು ಯಾವಾಗಲೂ ಒಂದೇ ಕಡೆ, ಸ್ವಿಚ್ಚಿನಿಂದ ಹೊರಬಂದು ಗಿಣ್ಣಿನ ಬಳಿ ಮಡಚುವಲ್ಲಿ. ಅಲ್ಲಿ ಎರಡು ಬೆರಳಗಲದ ಕುಣಿಕೆ ಬಿಟ್ಟು ಟೇಪು ಸುತ್ತಿ. ಸ್ವಿಚ್ಚನ್ನು ತೆಳು ಪ್ಲಾಸ್ಟಿಕ್ಕಿನಲ್ಲಿ ಮುಚ್ಚಿ ಅಂಚು ಅಂಟಿಸಿ, ಒಳಗೆ ಬೆವರು ಹೋದರೆ ಹಸಿರು ಕಿಲುಬು ಹಿಡಿಯುತ್ತದೆ. ಮಳೆ ಹಿಡಿಯುವ ಮೊದಲೇ ಒಂದು ಸ್ವಿಚ್ಚು, ಒಂದು ವೈರು, ಮೂರು ಜೊತೆ ಪ್ಯಾಡು ಹೆಚ್ಚಿಗೆ ತರಿಸಿಡಿ. ಗುಡ್ಡ ಜರಿದು ರಸ್ತೆ ಮುಚ್ಚಿದರೆ ಕೊರಿಯರ್‌ನವನು ಕುಶಾಲನಗರದಿಂದ ಮೇಲೆ ಹತ್ತುವುದಿಲ್ಲ.